ಅರ್ಥವಾಗದಿರುವ ಕೆಲಸ

ಏನೂ ಗೊತ್ತಿಲ್ಲದೆ ಇರುವುದಕ್ಕೆ ಸಂಬಳ ಕೊಡುತ್ತಾರೆ ಅಂದರೆ ಯಾರು ನಂಬುತ್ತಾರೆ? ಎಲ್ಲ ಗೊತ್ತಿರುವವರಿಗೇ ಕೆಲಸ ಸಿಗದ ಕಾಲ ಇದು. ಚಿಕ್ಕಮ್ಮನೂ ನಂಬಿರಲಿಲ್ಲ. ಆದರೆ ತಿಂಗಳು ಮುಗಿದಾಗ ಸಂಬಳ ಬಂತು, ಅದೂ ನೆಲ ಒರೆಸುವಾಗ ಬರುತ್ತಿದ್ದದ್ದಕ್ಕಿಂತ ಎರಡು ಪಟ್ಟು. ಆಮೇಲೆ ನಂಬದೆ ಇನ್ನೇನು ಮಾಡುತ್ತಾಳೆ ಪಾಪ.

ಚಿಕ್ಕಮ್ಮ ಅಂದರೆ ಅಲ್ಲಿ ಯಾರ ಚಿಕ್ಕಮ್ಮನೂ ಅಲ್ಲ. ಇಪ್ಪತ್ತಾರು ವರ್ಷ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಹೊಲಿದವಳು. ಸೂಜಿಗೆ ದಾರ ಪೋಣಿಸಲು ಕಣ್ಣು ಸಹಕರಿಸದೆ ಹೋದಾಗ ಕಾರ್ಖಾನೆಯವರು ಕೈಮುಗಿದು ಕಳಿಸಿದರು. ಟೈರ್ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿದ್ದ ಒಂದು ಸಣ್ಣ ಆಫೀಸಿನಲ್ಲಿ ಗುಡಿಸಿ ಒರೆಸುವ ಕೆಲಸ ಸಿಕ್ಕಿತು. ಮೊದಲ ದಿನವೇ ಬಕೆಟ್ಟು ಕೆಳಗಿಟ್ಟು, ಅಲ್ಲಿದ್ದ ಏಳು ಜನಕ್ಕೂ ಕೇಳಿಸುವಂತೆ, "ಅಮ್ಮ ಅನ್ನಬೇಡಿ, ನಂಗೆ ಅಷ್ಟು ವಯಸ್ಸಾಗಿಲ್ಲ. ಆಂಟಿ ಅಂದ್ರೆ ಕೋಪ ಬರುತ್ತೆ. ಚಿಕ್ಕಮ್ಮ ಅನ್ನಿ, ತಿರುಗಿ ನೋಡ್ತೀನಿ," ಅಂದಿದ್ದಳು. ಹಾಗೆ ಆ ಹೆಸರು ಉಳಿಯಿತು.

ಆ ಆಫೀಸಿನ ಯಜಮಾನಿಯನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು. ಮೂವತ್ತೈದರ ಒಳಗಿನ ಹೆಂಗಸು, ಪೆನ್ನಿನ ಮುಚ್ಚಳ ಕಚ್ಚಿ ಕಚ್ಚಿ ಚಪ್ಪಟೆ ಮಾಡುವವಳು. ಅವಳ ತಲೆಯಲ್ಲಿ ಹಗಲೂ ಇರುಳೂ ಒಂದೇ ಹುಳ. ನೋಟೂ ಇಲ್ಲದೆ ಕಂಪ್ಯೂಟರಿನೊಳಗೇ ಓಡಾಡುವ ಕ್ರಿಪ್ಟೋ ಹಣ ಬಂದು ಇಷ್ಟು ವರ್ಷವಾಯಿತು, ಅದನ್ನು ಕೊಂಡವರೆಲ್ಲ ಬೆಲೆ ಏರುತ್ತದೆ ಅಂತ ಬಚ್ಚಿಡುತ್ತಾರೆಯೇ ಹೊರತು ಯಾರೂ ಅದನ್ನು ಕೊಟ್ಟು ಒಂದು ಸೋಪು ತಂದದ್ದಿಲ್ಲ. "ಸೋಪು ಕೊಳ್ಳೋಕಾಗದ ಹಣ ಎಂಥಾ ಹಣ ಹೇಳಿ?" ಅಂತ ಯಾರು ಸಿಕ್ಕರೂ ಕೇಳುವಳು. ಮೊದಲಿನ ನಾಣ್ಯಗಳು ಬೆಳಿಗ್ಗೆ ಒಂದು ಬೆಲೆ, ಸಂಜೆ ಇನ್ನೊಂದು ಬೆಲೆ ಅಂತ ಕುಣಿಯುತ್ತಿದ್ದವಂತೆ. ಇವಳು ಮಾಡಿಸಿದ ನಾಣ್ಯ ಕುಣಿಯುವುದಿಲ್ಲ, ಇಂದಿಗೂ ನಾಳೆಗೂ ಒಂದೇ ಬೆಲೆ. ಅದನ್ನು ಫೋನಿನಿಂದ ಫೋನಿಗೆ ದಾಟಿಸುವ ಆ್ಯಪನ್ನು ಆ ಏಳು ಜನ ಸೇರಿ ಕಟ್ಟುತ್ತಿದ್ದರು.

ಕಟ್ಟಿದ್ದೇನೋ ಸರಿ, ಅದು ಕಟ್ಟಿದವರಿಗೆ ಮಾತ್ರ ಅರ್ಥವಾಗುತ್ತಿತ್ತು. ಒಂದು ಬೆಳಿಗ್ಗೆ ಅಕ್ಕ ಮೇಜಿನ ಕೆಳಗೆ ಒರೆಸುತ್ತಿದ್ದ ಚಿಕ್ಕಮ್ಮನ ಕೈಗೆ ಫೋನು ಕೊಟ್ಟು, "ನಂಗೆ ಒಂದು ನಾಣ್ಯ ಕಳಿಸಿ ನೋಡೋಣ," ಅಂದಳು. ಚಿಕ್ಕಮ್ಮ ಕೈ ಸೆರಗಿಗೆ ಒರೆಸಿಕೊಂಡು ಕೂತಳು. ಇಪ್ಪತ್ತು ನಿಮಿಷವಾದರೂ ಮೊದಲ ಪರದೆ ದಾಟಲಿಲ್ಲ. ನಿಮ್ಮ ಹಣದ ಪೆಟ್ಟಿಗೆಗೆ ಇದೇ ಕೀಲಿ ಅಂತ ಹನ್ನೆರಡು ಪದ ತೋರಿಸಿ, ಕಾಗದದಲ್ಲಿ ಬರೆದಿಟ್ಟುಕೊಳ್ಳಿ ಅನ್ನುತ್ತಿತ್ತು ಅದು.

"ಕಾಗದ ಕಳೆದುಹೋದ್ರೆ?" ಅಂದಳು ಚಿಕ್ಕಮ್ಮ.

"ಹಣಾನೂ ಹೋದಹಾಗೇ."

"ಹಾಗಾದ್ರೆ ನೋಟೇ ವಾಸಿ ಅಲ್ವಾ ತಾಯಿ? ಅದೂ ಕಾಗದಾನೇ."

ಮರುದಿನದಿಂದ ಚಿಕ್ಕಮ್ಮನಿಗೆ ಹೊಸ ಕೆಲಸ. ಕಿಟಕಿಯ ಪಕ್ಕ ಒಂದು ಕುರ್ಚಿ, ಕೈಯಲ್ಲಿ ಒಂದು ಫೋನು. ದಿನಾ ಹೊಸ ಪರದೆ ತೋರಿಸುತ್ತಾರೆ, ಅವಳು ಎಲ್ಲಿ ನಿಲ್ಲುತ್ತಾಳೋ ಅಲ್ಲಿ ರಿಪೇರಿ. ಅವಳಿಗೆ ಗೊತ್ತಾದರೆ ಊರಿಗೆಲ್ಲ ಗೊತ್ತಾದಂತೆ ಅನ್ನುವುದು ಅಕ್ಕನ ಲೆಕ್ಕಾಚಾರ.

ಚಿಕ್ಕಮ್ಮ ಆ ಕೆಲಸವನ್ನು ಬಹಳ ಚೆನ್ನಾಗಿ ಮಾಡಿದಳು. ಹಣ ದಾಟಿಸುವ ಕೂಲಿಗೆ ಗ್ಯಾಸ್ ಶುಲ್ಕ ಅಂತ ಹೆಸರು ಬಂದಾಗ, "ಮೊನ್ನೆ ತಾನೇ ಸಿಲಿಂಡರ್ ತುಂಬಿಸಿದೀನಿ, ಇದೇನು ಮತ್ತೆ ಕೇಳುತ್ತೆ?" ಅಂದಳು. ಆ ಮಾತೇ ಆ್ಯಪಿನಿಂದ ಮಾಯವಾಯಿತು. ಹಣ ಯಾರಿಗೆ ಹೋಗಬೇಕು ಅಂತ ತೋರಿಸುವ ನಲವತ್ತೆರಡು ಅಕ್ಷರದ ವಿಳಾಸ ಕಂಡು, "ಯಾರದೋ ಬೆಕ್ಕು ಇದರ ಮೇಲೆ ಓಡಾಡಿದೆ," ಅಂದಳು. ಅದರ ಜಾಗಕ್ಕೆ ಹೆಸರು, ಮುಖದ ಚಿತ್ರ ಬಂದವು. ಹನ್ನೆರಡು ಪದದ ಕಾಗದ ಹೋಗಿ, ಫೋನು ಕಳೆದರೆ ನಾವು ನಂಬುವ ಮೂವರು ಸೇರಿ ನಮ್ಮ ಪೆಟ್ಟಿಗೆ ತೆರೆಸಿಕೊಡುವ ವ್ಯವಸ್ಥೆ ಬಂತು. ಪರದೆಗಳ ಚಿತ್ರ ಬರೆಯುವವನಿಗೆ ಚಿಕ್ಕಮ್ಮನೇ ಬಣ್ಣದಯ್ಯ ಅಂತ ಹೆಸರಿಟ್ಟಿದ್ದಳು, ಒಂದು ಹಸಿರಿಗೆ ಹನ್ನೊಂದು ಹಸಿರು ತೋರಿಸಿ ಯಾವುದು ಅಂತ ಕೇಳುತ್ತಿದ್ದದ್ದಕ್ಕೆ. ಚಿಕ್ಕಮ್ಮನ ಹಣೆ ಗಂಟಿಕ್ಕಿದರೆ ಸಾಕು, ಅವನು ಪುಸ್ತಕ ತೆರೆದು ಬರೆದುಕೊಳ್ಳುತ್ತಿದ್ದ. ಅವಳ ಹಣೆಗೆ ಅಷ್ಟು ಬೆಲೆ ಹಿಂದೆ ಯಾರೂ ಕೊಟ್ಟಿರಲಿಲ್ಲ.

ಮನೆಯಲ್ಲಿ ಅವಳಿಗಿದ್ದವಳು ನಾದಿನಿ ಒಬ್ಬಳೇ, ಸತ್ತ ಗಂಡನ ತಂಗಿ. ಅಣ್ಣ ಪುಟ್ಟಿ ಅಂತ ಕರೆಯುತ್ತಿದ್ದ, ಐವತ್ತು ದಾಟಿದರೂ ಪುಟ್ಟಿಯಾಗಿಯೇ ಉಳಿದಿದ್ದಳು. ಅತ್ತಿಗೆ ನಾದಿನಿ ಅಂದರೆ ಹಾವು ಮುಂಗುಸಿ ಅನ್ನುತ್ತಾರಲ್ಲ, ಇವರೂ ಶುರುವಿನಲ್ಲಿ ಹಾಗೇ ಇದ್ದರು. ಒಲೆ ಯಾರು ಹಚ್ಚಬೇಕು ಅನ್ನುವುದರಿಂದ ಹಿಡಿದು ಕಿಟಕಿ ಯಾರು ಮುಚ್ಚಬೇಕು ಅನ್ನುವವರೆಗೆ ಜಗಳ. ಆ ಅಣ್ಣ ತೀರಿಹೋದ ಮೇಲೆ ಜಗಳ ಬಿಡಿಸುವವರೇ ಇಲ್ಲದೆ ಹೋಯಿತು, ಜಗಳದ ರುಚಿಯೂ ಹೋಯಿತು. ಒಂದೂವರೆ ಕೋಣೆಯ ಮನೆಯಲ್ಲಿ ಒಬ್ಬರ ಚಪ್ಪಲಿ ಇನ್ನೊಬ್ಬರು ಮೆಟ್ಟಿಕೊಂಡು ಹೋಗುವಷ್ಟು ಹತ್ತಿರವಾದರು. ಪುಟ್ಟಿ ಆಸ್ಪತ್ರೆಯ ವಾರ್ಡಿನಲ್ಲಿ ಆಯಾ. ಹಾಸಿಗೆಯ ಬಟ್ಟೆ ಬದಲಿಸುವುದು, ರೋಗಿಗಳನ್ನು ಎಬ್ಬಿಸಿ ಕೂರಿಸುವುದು, ಮೇಲಿನವರಿಂದ ಬೈಸಿಕೊಳ್ಳುವುದು ಅವಳ ಕೆಲಸ.

ಪುಟ್ಟಿಗೆ ಹಲ್ಲು ಹೋಗಿದ್ದವು. ಮೇಲೆ ಎರಡು, ಕೆಳಗೆ ಮೂರು ಉಳಿದಿದ್ದವು, ಅವೂ ಒಂದರ ಮುಖ ಒಂದು ನೋಡುತ್ತಿರಲಿಲ್ಲ. ಊಟಕ್ಕೆ ಕೂತರೆ ಚಿಕ್ಕಮ್ಮ ಮುಗಿಸಿ ಕೈತೊಳೆದು ಪಾತ್ರೆ ತೊಳೆದು ಬಂದರೂ ಅವಳ ತಟ್ಟೆ ಹಾಗೇ ಇರುತ್ತಿತ್ತು. "ಹಲ್ಲಿದ್ದಾಗ ಕಡಲೆ ಇರ್ಲಿಲ್ಲ, ಈಗ ಕಡಲೆ ಇದೆ ಹಲ್ಲಿಲ್ಲ, ನಮ್ಮದು ಗಾದೆಗೆ ಮಾಡಿಸಿದ ಬಾಯಿ," ಅಂತ ಅವಳೇ ತಮಾಷೆ ಮಾಡುವಳು. ಚಿಕ್ಕಮ್ಮನಿಗೆ ನಗು ಬರುತ್ತಿರಲಿಲ್ಲ. ಹೊಸ ಸಂಬಳ ಬಂದ ದಿನವೇ ಅವಳು ತೀರ್ಮಾನಿಸಿದಳು, ಈ ವರ್ಷ ಏನೇ ಆಗಲಿ, ಪುಟ್ಟಿಗೆ ಪೂರ್ತಿ ಹಲ್ಲು ಕಟ್ಟಿಸಬೇಕು. ಪುಟ್ಟಿ ಕೂಡಿಟ್ಟದ್ದು ಅರ್ಧದಷ್ಟಿತ್ತು. ಇನ್ನರ್ಧಕ್ಕೆ ಈ ಕೆಲಸ ಐದು ತಿಂಗಳು ಉಳಿದರೆ ಸಾಕಾಗಿತ್ತು.

ಉಳಿಯಬೇಕಲ್ಲ! ಅಲ್ಲೇ ಇದ್ದದ್ದು ತೊಡಕು. ದಿನಾ ನೋಡಿ ನೋಡಿ ಚಿಕ್ಕಮ್ಮನಿಗೆ ಎಲ್ಲ ಅರ್ಥವಾಗತೊಡಗಿತು. ಇಪ್ಪತ್ತಾರು ವರ್ಷ ಕಾಲರಿನ ಮೂಲೆ ತಿರುಗಿಸಿದ ಕೈ, ಒಂದು ಸಲ ಹಿಡಿದದ್ದನ್ನು ಬಿಡುವ ಜಾತಿಯದಲ್ಲ. ಎರಡನೇ ತಿಂಗಳ ಕೊನೆಯಲ್ಲಿ ಬಸ್ಸಿನಲ್ಲಿ ಕೂತಿದ್ದಾಗ ಇಡೀ ಆ್ಯಪು ತಲೆಯಲ್ಲಿ ತಾನಾಗಿಯೇ ಬಿಚ್ಚಿಕೊಂಡಿತು, ಯಾವುದರ ಹಿಂದೆ ಯಾವುದು, ಎಲ್ಲಿ ಒತ್ತಿದರೆ ಎಲ್ಲಿಗೆ. ಅವಳಿಗೆ ಖುಷಿಯಾಯಿತು. ಆಫೀಸಿಗೆ ಹೋದವಳೇ ಹೇಳಬೇಕು ಅಂತ ಬಾಯಿ ತೆರೆದಳು. ಅಷ್ಟರಲ್ಲಿ ಬಣ್ಣದಯ್ಯ ಚಹಾದ ಲೋಟ ಹಿಡಿದು, "ಚಿಕ್ಕಮ್ಮ, ನೀವು ಮಾತ್ರ ಕಲಿತುಬಿಡಬೇಡಿ. ಕಲಿತ್ರೆ ನಿಮ್ಮನ್ನ ಕಳಿಸಿ ಇನ್ನೊಬ್ಬರನ್ನ ಹುಡುಕಬೇಕಾಗುತ್ತೆ," ಅಂತ ನಕ್ಕ.

ಅವನು ಆಡಿದ್ದು ತಮಾಷೆಗೆ. ಚಿಕ್ಕಮ್ಮ ಮಾತ್ರ ಅದನ್ನು ನಿಜವೆಂದೇ ತೆಗೆದುಕೊಂಡಳು. ತೆರೆದ ಬಾಯಿ ಮುಚ್ಚಿಕೊಂಡಳು. ಅವತ್ತಿನಿಂದ ನಾಟಕ ಶುರುವಾಯಿತು.

ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದು ಸುಲಭ ಅಂದುಕೊಳ್ಳಬೇಡಿ. ಕಾರ್ಖಾನೆಗೆ ಹೊಸದಾಗಿ ಬಂದ ಹುಡುಗಿಯರು ಹೇಗೆ ತಪ್ಪುತ್ತಾರೆ ಅಂತ ಅವಳು ನೋಡಿದ್ದಳು. ಬೇಕಂತಲೇ ತಪ್ಪುವವರು ದೊಡ್ಡದಾಗಿ ತಪ್ಪುತ್ತಾರೆ, ನಿಜವಾಗಿ ತಪ್ಪುವವರು ಸಣ್ಣದಾಗಿ. ಚಿಕ್ಕಮ್ಮ ಸಣ್ಣದಾಗಿಯೇ ತಪ್ಪಿದಳು. ಒಂದು ದಿನ ಬೆರಳು ತಡೆದು, ಇನ್ನೊಂದು ದಿನ ಕನ್ನಡಕ ತೆಗೆದು ಹಾಕಿ, ಮತ್ತೊಂದು ದಿನ "ಇದು ನೆನ್ನೆ ಇಲ್ಲಿರಲಿಲ್ಲ ಅಲ್ವಾ?" ಅಂತ ಕೇಳಿ. ಬಣ್ಣದಯ್ಯ ಬರೆದುಕೊಳ್ಳುತ್ತಲೇ ಇದ್ದ. ಅವನು ಬರೆದುಕೊಳ್ಳುವಾಗ ಅವಳು ಆ ಪುಸ್ತಕದ ಕಡೆ ನೋಡುತ್ತಿರಲಿಲ್ಲ. ಆದರೆ ಸಂಜೆ ಮನೆಗೆ ಹೋಗಿ ಪುಟ್ಟಿಯ ತಟ್ಟೆ ನೋಡಿದರೆ ಆ ಪುಸ್ತಕ ಮರೆತುಹೋಗುತ್ತಿತ್ತು.

ಹೀಗೆ ನಿಲ್ಲಲು ಜಾಗ ಹುಡುಕುತ್ತಾ ಹುಡುಕುತ್ತಾ ಅವಳಿಗೆ ಸಿಕ್ಕಿದ್ದು ಕೊನೆಯ ಪರದೆ. ಹಣ ಹೋಗುವ ಮುಂಚೆ ಅದು ಒಂದು ಮಾತು ಕೇಳುತ್ತಿತ್ತು. ಒಮ್ಮೆ ಕಳಿಸಿದರೆ ವಾಪಸ್ಸು ಬರುವುದಿಲ್ಲ, ಖಚಿತವೇ? ಚಿಕ್ಕಮ್ಮ ಅಲ್ಲಿ ನಿಂತಳು. "ಇದು ಹೀಗೆ ಗದರಿಸಿದ್ರೆ ನಂಗೆ ಭಯ ಆಗುತ್ತಪ್ಪ," ಅಂದಳು. ಒಂದು ಸಲ ಅಲ್ಲ, ಹತ್ತು ದಿನದಲ್ಲಿ ಏಳು ಸಲ.

"ಈ ಪರದೆ ಜನರನ್ನ ಹೆದರಿಸುತ್ತೆ ಅಕ್ಕಾ, ತೆಗೆದುಬಿಡೋಣ," ಅಂದ ಬಣ್ಣದಯ್ಯ. ಅಕ್ಕ ಪೆನ್ನಿನ ಮುಚ್ಚಳ ಕಚ್ಚಿಕೊಂಡು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಚಿಕ್ಕಮ್ಮನ ಮುಖ ನೋಡಿದಳು. "ಚಿಕ್ಕಮ್ಮ ಏಳು ಸಲ ನಿಂತಿದಾರೆ ಅಂದ್ಮೇಲೆ ಅದು ಇರೋದು ಬೇಡ," ಅಂದಳು. ಪರದೆ ಹೋಯಿತು. ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿ ಟೈರ್ ಅಂಗಡಿಯವನು ಗಾಳಿ ತುಂಬುವುದನ್ನು ನೋಡುತ್ತಾ ಕೂತಳು.

ಊರಿಗೆಲ್ಲ ಬಿಡುವ ಮುಂಚೆ ಆ ಬೀದಿಯ ನಲವತ್ತು ಅಂಗಡಿಗಳಲ್ಲಿ ಪರೀಕ್ಷೆ ನಡೆಯಿತು. ಕ್ಷೌರದಂಗಡಿ, ಔಷಧಿ ಅಂಗಡಿ, ಮೂಲೆಯ ಹಲ್ಲಿನ ಡಾಕ್ಟರು, ಎಲ್ಲರೂ ಸೇರಿದರು. ಈ ನಾಣ್ಯದಲ್ಲಿ ಕೊಟ್ಟರೆ ಹತ್ತಕ್ಕೆ ಒಂದು ಪಾಲು ರಿಯಾಯಿತಿ ಅಂತ ಡಾಕ್ಟರು ಬೋರ್ಡು ಹಾಕಿದರು. ಚಿಕ್ಕಮ್ಮನೇ ಮುಂದೆ ನಿಂತು ಪುಟ್ಟಿಯ ಫೋನಿಗೆ ಆ್ಯಪು ಹಾಕಿಸಿದಳು, ಅವಳು ಕೂಡಿಟ್ಟ ದುಡ್ಡನ್ನು ನಾಣ್ಯ ಮಾಡಿಸಿದಳು. ಅಳತೆ ತೆಗೆಯುವ ದಿನ ಅರ್ಧ ಕೊಡಬೇಕು, ಹಲ್ಲು ಕೂರಿಸಿದ ದಿನ ಇನ್ನರ್ಧ ಅಂತ ಮಾತಾಯಿತು. "ಒಂದು ಸಲ ಒತ್ತಿದ್ರೆ ಮುಗೀತು ಪುಟ್ಟಿ, ನೀರು ಕುಡಿದಷ್ಟು ಸಲೀಸು," ಅಂತ ಹೇಳಿಕೊಟ್ಟಳು.

ಅಳತೆಯ ದಿನ ಸಂಜೆ ಚಿಕ್ಕಮ್ಮ ಮನೆಗೆ ಬಂದಾಗ ಪುಟ್ಟಿ ಬಟ್ಟೆ ಮಡಿಸುತ್ತಾ ಕೂತಿದ್ದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

"ಅಳತೆ ತಗೊಂಡ್ರಾ?"

"ಡಾಕ್ಟರು ಇರ್ಲಿಲ್ಲ."

ಡಾಕ್ಟರು ಇದ್ದದ್ದನ್ನು ಚಿಕ್ಕಮ್ಮ ಮಧ್ಯಾಹ್ನವೇ ಕಣ್ಣಾರೆ ಕಂಡಿದ್ದಳು. ಅವಳು ಬೇರೇನೂ ಕೇಳಲಿಲ್ಲ. ಗೂಡಿನಲ್ಲಿದ್ದ ಪುಟ್ಟಿಯ ಫೋನು ತೆಗೆದುಕೊಂಡು, ಎಡಗೈಯಲ್ಲಿ ಚೀಲ ಹಿಡಿದಿದ್ದ ಹಾಗೇ, ಬಲಗೈ ಹೆಬ್ಬೆರಳಿನಲ್ಲಿ ನಾಲ್ಕು ಕಡೆ ಒತ್ತಿದಳು. ದುಡ್ಡು ಹೋಗಿತ್ತು. ಡಾಕ್ಟರಿಗಲ್ಲ. ಹೆಸರುಗಳ ಪಟ್ಟಿಯಲ್ಲಿ ಡಾಕ್ಟರ ಕೆಳಗಿನ ಸಾಲಿನಲ್ಲಿ "ಪರೀಕ್ಷೆ ಮೂರು" ಅಂತ ಒಂದು ಪೆಟ್ಟಿಗೆ ಇತ್ತು, ಅದಕ್ಕೆ ಹೋಗಿತ್ತು. ಅದು ಆಫೀಸಿನವರು ಯಾವಾಗಲೋ ಪ್ರಯೋಗಕ್ಕೆ ಮಾಡಿ, ಕೀಲಿಯನ್ನು ಅಳಿಸಿಹಾಕಿ, ಪಟ್ಟಿಯಿಂದ ತೆಗೆಯಲು ಮರೆತಿದ್ದ ಪೆಟ್ಟಿಗೆ. ಅದರೊಳಗೆ ಹೋದದ್ದು ಕಾಣುತ್ತದೆ, ಬರುವುದಿಲ್ಲ. ಇದು ಪುಟ್ಟಿಗೆ ಗೊತ್ತಿರಲಿಲ್ಲ, ಚಿಕ್ಕಮ್ಮನಿಗೆ ಗೊತ್ತಿತ್ತು.

"ಹೆಬ್ಬೆರಳು ಒಂದು ಸಾಲು ಕೆಳಗೆ ಜಾರಿತು ಅತ್ತಿಗೆ," ಅಂದಳು ಪುಟ್ಟಿ ತಲೆ ಎತ್ತದೆ. "ಅದು ಏನೂ ಕೇಳ್ಲೇ ಇಲ್ಲ. ಒತ್ತಿದ ತಕ್ಷಣ ಹೋಯ್ತು. ಡಾಕ್ಟರು ಅವರ ಫೋನು ನೋಡಿ ನಂಗೆ ಬಂದಿಲ್ಲ ಅಂದ್ರು. ನಾನು ಸುಮ್ನೆ ಎದ್ದು ಬಂದೆ. ನಿಮ್ಮ ಆಫೀಸಲ್ಲಿ ಹೇಳಬೇಡ, ನಿನ್ನ ದಮ್ಮಯ್ಯ. ಇಂಥಾ ದಡ್ಡಿನ ಕರ್ಕೊಂಡು ಬಂದಿದ್ದೀಯ ಅಂತ ನಿನ್ನ ಕೆಲಸಕ್ಕೆ ಕಲ್ಲು ಬಿದ್ದೀತು. ನನ್ನ ಹಲ್ಲಿಲ್ಲದಿದ್ರೆ ಪ್ರಪಂಚ ಏನೂ ಮುಳುಗಲ್ಲ."

ಚಿಕ್ಕಮ್ಮ ಚೀಲ ಇಟ್ಟು ಅಲ್ಲೇ ಬಟ್ಟೆಯ ರಾಶಿಯ ಪಕ್ಕ ಕೂತಳು. ಆಗ ಪುಟ್ಟಿ ತಲೆ ಎತ್ತಿದಳು.

"ಅಂದಹಾಗೆ ಅತ್ತಿಗೆ, ಅದನ್ನೆಲ್ಲ ಅಷ್ಟು ಬೇಗ ಹೇಗೆ ನೋಡಿದೆ? ನಿಂಗೆ ಅದು ಅರ್ಥ ಆಗಲ್ಲ ಅಲ್ವಾ?"

ಚಿಕ್ಕಮ್ಮ ಎದ್ದು ಒಲೆ ಹಚ್ಚಿದಳು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅವಳು ಎರಡೂ ಕಡೆ ತೂಗಿ ನೋಡಿದಳು. ಇನ್ನು ಒಂಬತ್ತು ದಿನಕ್ಕೆ ಆ್ಯಪು ಊರಿಗೆಲ್ಲ ಹೋಗುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತದೆ, ಇನ್ನೊಂದು ವರ್ಷ ದುಡಿದರೆ ಹಲ್ಲು ಬಂದೀತು. ಆದರೆ ಊರಿನಲ್ಲಿ ಪುಟ್ಟಿಯರು ಎಷ್ಟು ಜನ ಇಲ್ಲ? ಅವರೆಲ್ಲರ ಹೆಬ್ಬೆರಳು ಜಾರುತ್ತದೆ, ಅವರೆಲ್ಲ ತಮ್ಮನ್ನೇ ದಡ್ಡಿ ಅಂತ ಬೈದುಕೊಂಡು ಸುಮ್ಮನೆ ಎದ್ದು ಬರುತ್ತಾರೆ. ಹೇಳಿದರೆ ಕೆಲಸ ಹೋಗುತ್ತದೆ, ಹಲ್ಲೂ ಹೋಗುತ್ತದೆ. ಇಳಿಯುವ ಜಾಗ ಬಂದಾಗಲೂ ಅವಳಿಗೆ ತೀರ್ಮಾನವಾಗಿರಲಿಲ್ಲ. ಮೂರು ಮಹಡಿ ಹತ್ತುವಾಗ ಆಯಿತು.

ಆಫೀಸಿನಲ್ಲಿ ಎಲ್ಲರೂ ಇದ್ದರು. ಚಿಕ್ಕಮ್ಮ ಕುರ್ಚಿಯಲ್ಲಿ ಕೂತು, "ಎಲ್ಲರೂ ಇಲ್ಲಿ ಬನ್ನಿ," ಅಂದಳು. ಬಂದರು. ಫೋನು ಹಿಡಿದು ಆ್ಯಪು ತೆರೆದಳು, ಹೆಸರು ಹುಡುಕಿದಳು, ಅಕ್ಕನಿಗೆ ಒಂದು ನಾಣ್ಯ ಕಳಿಸಿದಳು, ಬಣ್ಣದಯ್ಯನಿಂದ ಒಂದು ತರಿಸಿಕೊಂಡಳು, ಪೆಟ್ಟಿಗೆ ಮುಚ್ಚಿದಳು, ಮೂವರ ಕೈಯಲ್ಲಿ ಅದನ್ನು ಮತ್ತೆ ತೆರೆಸಿದಳು. ಎರಡು ನಿಮಿಷವೂ ಹಿಡಿಯಲಿಲ್ಲ. ಬೆರಳು ಎಲ್ಲೂ ತಡೆಯಲಿಲ್ಲ.

ಆಮೇಲೆ ಜೋರು ಚಪ್ಪಾಳೆ! ಬಣ್ಣದಯ್ಯನಂತೂ ಕುರ್ಚಿ ಹತ್ತಿ, "ಚಿಕ್ಕಮ್ಮ ಪಾಸು! ಗೆದ್ವಿ ಅಕ್ಕಾ!" ಅಂತ ಕೂಗಿದ. ಅಕ್ಕನ ಕಣ್ಣಲ್ಲಿ ನೀರು ಬಂದಿತ್ತು.

"ಚಪ್ಪಾಳೆ ಬೇಡ," ಅಂದಳು ಚಿಕ್ಕಮ್ಮ. "ಇದು ನಂಗೆ ಎರಡು ತಿಂಗಳ ಹಿಂದೇನೇ ಬರ್ತಿತ್ತು. ಬರಲ್ಲ ಅಂತ ಸುಳ್ಳು ಹೇಳ್ತಾ ಇದ್ದೆ."

ಬಣ್ಣದಯ್ಯ ಕುರ್ಚಿಯಿಂದ ಮೆಲ್ಲಗೆ ಇಳಿದ. ಅಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಅವಳ ಮುಖ ಕೆಂಪೇರಿತು. "ಎರಡು ತಿಂಗಳಿಂದ ನಿಮ್ಮ ಮುಖ ನೋಡ್ಕೊಂಡು ಕಟ್ಟಿದೀವಿ ಚಿಕ್ಕಮ್ಮ. ನೀವು ನಿಂತಲ್ಲೆಲ್ಲ ನಾವು ನಿಂತಿದೀವಿ. ಯಾಕೆ ಹೀಗೆ ಮಾಡಿದ್ರಿ?"

"ಕಲಿತ್ರೆ ಕಳಿಸ್ತೀವಿ ಅಂದ್ರಿ. ನಂಗೆ ಕೆಲಸ ಬೇಕಿತ್ತು."

ಹಾಗೆ ಅಂದವನು ಯಾರು ಅಂತ ಅಕ್ಕ ಕೇಳಲಿಲ್ಲ, ಬಣ್ಣದಯ್ಯನ ಕೆಂಪಾದ ಕಿವಿ ನೋಡಿದರೇ ಗೊತ್ತಾಗುತ್ತಿತ್ತು. ಚಿಕ್ಕಮ್ಮ ನಿಲ್ಲಿಸಲಿಲ್ಲ. ಒಂದು ಸಲ ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಕೊನೆಯ ಪರದೆಯ ಹತ್ತಿರ ತನಗೆ ಯಾವ ಭಯವೂ ಆಗಿರಲಿಲ್ಲ ಅಂದಳು, ಅದು ಇಲ್ಲದ್ದರಿಂದ ನಾದಿನಿಯ ಹಲ್ಲಿನ ದುಡ್ಡು ಎಲ್ಲಿ ಹೋಗಿ ಬಿತ್ತು ಅಂತಲೂ ಹೇಳಿದಳು. "ಅದನ್ನ ವಾಪಸ್ ತರಿಸಿಕೊಡಿ. ನನ್ನನ್ನ ಬೇಕಾದ್ರೆ ಕಳಿಸಿ."

"ಬರಲ್ಲ ಚಿಕ್ಕಮ್ಮ," ಅಂದಳು ಅಕ್ಕ. ಕೋಪ ಇಳಿದು ದನಿ ಸಣ್ಣದಾಗಿತ್ತು. "ಯಾರ ಕೈಲೂ ಆಗಲ್ಲ. ಅದನ್ನ ಕಟ್ಟಿರೋದೇ ಹಾಗೆ."

"ದೇವರು ಕಟ್ಟಿದ್ನಾ ತಾಯಿ? ನೀವೇ ಅಲ್ವಾ?"

ಚಿಕ್ಕಮ್ಮ ಫೋನನ್ನು ಮೇಜಿನ ಮೇಲಿಟ್ಟು, ಮೂಲೆಗೆ ಹೋಗಿ ತನ್ನ ಹಳೆಯ ಬಕೆಟ್ಟು ತುಂಬಿಸಿಕೊಂಡಳು. ಯಾರೂ ಹೇಳಿರಲಿಲ್ಲ. ಬೇರೇನು ಮಾಡಬೇಕು ಅಂತ ತೋಚಲಿಲ್ಲ ಅಷ್ಟೆ.

ಸಂಜೆ ಪುಟ್ಟಿಗೂ ಎಲ್ಲ ಹೇಳಿದಳು. ಬೈದಾಳು ಅಂದುಕೊಂಡಿದ್ದಳು, ಅತ್ತಾಳು ಅಂದುಕೊಂಡಿದ್ದಳು. ಪುಟ್ಟಿ ಎರಡೂ ಮಾಡಲಿಲ್ಲ.

"ದಡ್ಡಿ ಅನ್ನಿಸ್ಕೊಳ್ಳೋದು ನಿಂಗೆ ನಾಟಕ ಆಯ್ತಲ್ವಾ ಅತ್ತಿಗೆ," ಅಂದಳು. "ನಾನು ಹದಿನೇಳು ವರ್ಷದಿಂದ ದಿನಾ ನಿಜವಾಗ್ಲೂ ಅನ್ನಿಸ್ಕೊಳ್ತಾ ಇದೀನಿ. ಹೊಸ ಮೆಷಿನ್ನು ಬಂದ್ರೆ ಒಂದು ಸಲ ತೋರಿಸ್ತಾರೆ. ಇನ್ನೊಂದು ಸಲ ಕೇಳಿದ್ರೆ, ನಿನ್ನ ತಲೇಲಿ ಏನು ತುಂಬಿದೆ ಅಂತಾರೆ. ಅದಕ್ಕೇ ನಾನು ಕೇಳೋದೇ ಬಿಟ್ಟೆ. ಗೊತ್ತಾಗದಿದ್ರೂ ಹೂಂ ಅಂತೀನಿ. ನೀನು ಗೊತ್ತಿದ್ದೂ ಊಹೂಂ ಅಂದೆ, ಅದಕ್ಕೆ ಸಂಬಳ ತಗೊಂಡೆ. ಒಳ್ಳೇ ಜೋಡಿ ನಮ್ಮದು."

"ನಿನ್ನ ಹಲ್ಲಿಗೋಸ್ಕರ ಕಣೇ."

"ಗೊತ್ತು. ಅದಕ್ಕೇ ಬೈಯೋಕಾಗ್ತಿಲ್ಲ, ಸುಮ್ನಿರು," ಅಂದಳು ಪುಟ್ಟಿ. ತಟ್ಟೆ ಹಾಕಿದಳು. ಅವತ್ತು ಚಿಕ್ಕಮ್ಮ ತನ್ನ ಊಟ ಮುಗಿಸಿ ಏಳದೆ, ಪುಟ್ಟಿ ಮುಗಿಸುವವರೆಗೂ ಎಂಜಲು ಒಣಗಿದ ಕೈಯಲ್ಲಿ ಪಕ್ಕದಲ್ಲೇ ಕೂತಿದ್ದಳು.

ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಅಕ್ಕ, ಅವಳ ಹಿಂದೆ ಬಣ್ಣದಯ್ಯ. ಮನೆಯಲ್ಲಿದ್ದ ಎರಡೇ ಕುರ್ಚಿಗಳಲ್ಲಿ ಅವರನ್ನು ಕೂರಿಸಿ ಅತ್ತಿಗೆ ನಾದಿನಿ ಮಂಚದ ಮೇಲೆ ಕೂತರು. ಅಕ್ಕ ಚೀಲದಿಂದ ಒಂದು ಲಕೋಟೆ ತೆಗೆದು ಪುಟ್ಟಿಯ ಕೈಗಿಟ್ಟಳು. "ನೀವು ಕಳಕೊಂಡಷ್ಟೂ ಇದೆ. ಆ ಪೆಟ್ಟಿಗೇನ ಪಟ್ಟೀಲಿ ಬಿಟ್ಟದ್ದು ನಮ್ಮ ತಪ್ಪು." ಪುಟ್ಟಿ ಲಕೋಟೆ ತಕ್ಷಣ ದಿಂಬಿನ ಕೆಳಗೆ ತಳ್ಳಿದಳು. "ಬೇಡ ಅಂತ ಎರಡು ಸಲ ಹೇಳ್ಬೇಕಂತೆ, ನಂಗೆ ಅಷ್ಟು ಪುರುಸೊತ್ತಿಲ್ಲ," ಅಂದಳು. ಎಲ್ಲರೂ ನಕ್ಕರು. ಬಿಗಿ ಸ್ವಲ್ಪ ಸಡಿಲವಾಯಿತು.

ಆಮೇಲೆ ಬಣ್ಣದಯ್ಯ ಫೋನು ತೋರಿಸಿದ. ಆ್ಯಪು ಬಿಡುವುದನ್ನು ಮುಂದಕ್ಕೆ ಹಾಕಿದ್ದರು, ಕೊನೆಯ ಪರದೆಯನ್ನು ವಾಪಸ್ಸು ತಂದಿದ್ದರು. ಡಾಕ್ಟರಿಗೆ ಕಳಿಸುತ್ತಿದ್ದೀರಿ, ಖಚಿತವೇ? "ಈಗ ಸರಿಹೋಯ್ತಲ್ವಾ?" ಅಂತ ಪುಟ್ಟಿಯನ್ನು ಕೇಳಿದ.

ಪುಟ್ಟಿ ಅಭ್ಯಾಸಬಲದಿಂದ ಹೂಂ ಅಂದಳು. ಹೂಂ ಅಂದವಳು ಅತ್ತಿಗೆಯ ಕಡೆ ನೋಡಿದಳು.

"ಇಲ್ಲ, ಸರಿಹೋಗಿಲ್ಲ," ಅಂದಳು ಪುಟ್ಟಿ. ಮಾತು ಆಡಿದ ಮೇಲೆ ಅವಳಿಗೇ ಗಾಬರಿಯಾದಂತಿತ್ತು, ಆದರೂ ಮುಂದುವರಿಸಿದಳು. "ಖಚಿತಾನಾ ಅಂದ್ರೆ ಎಲ್ರೂ ಹೂಂ ಅಂತಾರೆ, ಈಗ ನಾನಂದೆನಲ್ಲ ಹಾಗೆ. ನಮ್ಮ ವಾರ್ಡಲ್ಲಿ ಇಂಜೆಕ್ಷನ್ ಕೊಡೋ ಮುಂಚೆ, ನೀವು ಇಂಥವರಾ ಅಂತ ಕೇಳೋ ಹಾಗೇ ಇಲ್ಲ. ನಿಮ್ಮ ಹೆಸರೇನು ಅಂತ ಕೇಳ್ಬೇಕು. ಅವರ ಬಾಯಿಂದ ಅವರ ಹೆಸರು ಬರ್ಬೇಕು. ಜ್ವರದಲ್ಲಿ ಇರೋರು, ನಿದ್ದೇಲಿ ಇರೋರು, ಯಾರ ಹೆಸರು ಹೇಳಿದ್ರೂ ತಲೆ ಆಡಿಸಿಬಿಡ್ತಾರೆ. ಕಳಿಸೋರನ್ನ ಯಾಕೆ ಕೇಳ್ತೀರಿ? ತಗೊಳ್ಳೋರನ್ನ ಕೇಳಿ. ಅವರು ಹೌದು ನಾನೇ, ಇಂಥಾ ಕೆಲಸಕ್ಕೆ ಬರ್ಬೇಕಿತ್ತು ಅಂತ ಹೇಳೋವರೆಗೂ ದುಡ್ಡು ಬಾಗಿಲಲ್ಲೇ ನಿಂತಿರ್ಲಿ. ಯಾರೂ ಮಾತಾಡ್ಲಿಲ್ವಾ, ತಿರುಗಿ ಮನೆಗೆ ಬರ್ಲಿ. ಆ ಪೆಟ್ಟಿಗೆ ಮಾತಾಡ್ತಿತ್ತಾ?"

ಬಣ್ಣದಯ್ಯ ಅಕ್ಕನನ್ನು ನೋಡಿದ, ಅಕ್ಕ ಬಣ್ಣದಯ್ಯನನ್ನು ನೋಡಿದಳು. ಅಕ್ಕ ಪೆನ್ನು ಹುಡುಕಿದಳು, ಸಿಗಲಿಲ್ಲ, ಚಿಕ್ಕಮ್ಮ ಎದ್ದು ಗೂಡಿನಿಂದ ಒಂದು ಪೆನ್ಸಿಲ್ ತಂದುಕೊಟ್ಟಳು. ಅರ್ಧ ಗಂಟೆ ಬರೆದುಕೊಂಡರು. ಹೊರಡುವ ಮುಂಚೆ ಅಕ್ಕ ಕೇಳಿಯೇಬಿಟ್ಟಳು, "ವಾರ್ಡಿನ ಕೆಲಸ ಮುಗಿದ ಮೇಲೆ ದಿನಾ ಎರಡು ಗಂಟೆ ನಮ್ಮ ಆಫೀಸಿಗೆ ಬರ್ತೀರಾ? ಚಿಕ್ಕಮ್ಮನ ಕುರ್ಚೀಲಿ ಕೂರೋಕೆ?"

"ಬರ್ತೀನಿ," ಅಂದಳು ಪುಟ್ಟಿ. "ಆದ್ರೆ ನಂಗೆ ಗೊತ್ತಾದ ದಿನ ಗೊತ್ತಾಯ್ತು ಅಂತಾನೇ ಹೇಳ್ತೀನಿ. ಆಮೇಲೆ ನನ್ನನ್ನೇನು ಮಾಡ್ತೀರಿ ಅಂತ ಈಗ್ಲೇ ಹೇಳ್ಬಿಡಿ."

ಈ ಪ್ರಶ್ನೆಯನ್ನು ಯಾರೂ ಯೋಚಿಸಿರಲಿಲ್ಲ. ಅಕ್ಕ ಪೆನ್ಸಿಲ್ಲಿನ ತುದಿ ಕಚ್ಚುತ್ತಾ, ಕಲಿತವರು ಹೊಸಬರಿಗೆ ಕಲಿಸಲಿ, ಬೀದಿಯ ಅಂಗಡಿಯವರು ಸಿಕ್ಕಿಹಾಕಿಕೊಂಡಾಗ ಫೋನು ಮಾಡಲು ಯಾರಾದರೂ ಬೇಕೇ ಬೇಕು ಅಂದಳು. ಆ ಕೆಲಸ ಶುರುವಾಗಲು ಇನ್ನೂ ಎರಡು ತಿಂಗಳು ಬೇಕು, ಅಲ್ಲಿಯವರೆಗೆ ಚಿಕ್ಕಮ್ಮ ಹಳೆಯ ಸಂಬಳಕ್ಕೆ ನೆಲ ಒರೆಸಬೇಕು ಅಂತಲೂ ಹೇಳಿದಳು. ಕೋಪ ಪೂರ್ತಿ ಹೋಗಿರಲಿಲ್ಲ ಅವಳಿಗೆ. ಚಿಕ್ಕಮ್ಮ ಆಗಲಿ ಅಂದಳು. ಹಲ್ಲಿನ ಅಳತೆಗೆ ಮರುವಾರ ಇಬ್ಬರೂ ಜೊತೆಯಲ್ಲೇ ಹೋಗಿ ಬಂದರು.

ಪುಟ್ಟಿ ಆಫೀಸಿಗೆ ಬಂದ ಮೊದಲ ದಿನ ಚಿಕ್ಕಮ್ಮ ಬೇಕೆಂದೇ ಕಿಟಕಿಯ ಬದಿಯಿಂದ ಒರೆಸಲು ಶುರುಮಾಡಿದಳು. ಪುಟ್ಟಿ ವಾರ್ಡಿನ ಚಪ್ಪಲಿಯಲ್ಲೇ ಬಂದು ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಯಾರಾದರೂ ಏಳು ಅಂದರೆ ಏಳಲು ತಯಾರಾಗಿ. ಬಣ್ಣದಯ್ಯ ಹೊಸ ಪರದೆ ತೋರಿಸಿದ. ಅವಳು ಒಂದು ಕಡೆ ಒತ್ತಿದಳು, ಇನ್ನೊಂದು ಕಡೆ ಒತ್ತಿದಳು, ನಿಂತಳು. ಸುತ್ತ ನಿಂತಿದ್ದವರನ್ನು ಒಮ್ಮೆ ನೋಡಿದಳು, ಆಮೇಲೆ ಅವಳ ಕಣ್ಣು ಚಿಕ್ಕಮ್ಮನನ್ನು ಹುಡುಕಿತು.

ಎಲ್ಲಿ ಒತ್ತಬೇಕು ಅಂತ ಚಿಕ್ಕಮ್ಮನಿಗೆ ಗೊತ್ತಿತ್ತು. ಎಡಗಡೆ ಕೆಳಗೆ, ಹಸಿರು ಗುಂಡಿಯ ಪಕ್ಕ. ಗಲ್ಲ ಸ್ವಲ್ಪ ಆ ಕಡೆ ತೋರಿಸಿದ್ದರೆ ಸಾಕಿತ್ತು, ಪುಟ್ಟಿಗೆ ತಿಳಿಯುತ್ತಿತ್ತು. ಅವಳು ನಾಲಿಗೆ ಕಚ್ಚಿಕೊಂಡು, ಬೆನ್ನು ತಿರುಗಿಸಿ, ಆಗಲೇ ಒರೆಸಿದ್ದ ಜಾಗವನ್ನೇ ಮತ್ತೆ ಒರೆಸತೊಡಗಿದಳು. ಅಷ್ಟು ಕಷ್ಟದ ಕೆಲಸ ಅವಳು ಆ ಆಫೀಸಿನಲ್ಲಿ ಅದುವರೆಗೆ ಮಾಡಿರಲಿಲ್ಲ.

"ನಂಗೆ ಅರ್ಥ ಆಗ್ತಿಲ್ಲ," ಅಂದಳು ಪುಟ್ಟಿ. ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ.

"ಏನಂದ್ರಿ?" ಅಂತ ಅಕ್ಕ ಬಗ್ಗಿ ಕೇಳಿದಳು.

ಪುಟ್ಟಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಪೂರ್ತಿ ಒರಗಿ ಕೂತಳು. "ಅರ್ಥ ಆಗ್ತಿಲ್ಲ ಅಂದೆ."

ಯಾರೂ ಬೈಯಲಿಲ್ಲ. ಮೂರು ಜನ ಒಟ್ಟಿಗೆ ಪೆನ್ನು ತೆಗೆದರು. ಬಣ್ಣದಯ್ಯ ಫೋನು ತನ್ನ ಕಡೆ ತಿರುಗಿಸಿಕೊಂಡು ನೋಡಿ, ತಲೆ ಕೆರೆದುಕೊಂಡು, "ಸಾರಿ, ನಾನೇ ಸರಿಯಾಗಿ ಮಾಡಿಲ್ಲ," ಅಂದ.

ಹದಿನೇಳು ವರ್ಷದಲ್ಲಿ ಪುಟ್ಟಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ಬೆನ್ನು ತಿರುಗಿಸಿದ್ದ ಚಿಕ್ಕಮ್ಮನಿಗೆ ಅವಳ ಮುಖ ಕಾಣಲಿಲ್ಲ, ದನಿ ಮಾತ್ರ ಕೇಳಿಸಿತು. ವಾರ್ಡಿನಲ್ಲಿ ಹೆದರಿದ ರೋಗಿಗಳನ್ನು ಕೂರಿಸುವಾಗ ಆಡುವ ದನಿ ಅದು.

"ಪರವಾಗಿಲ್ಲಪ್ಪ," ಅಂದಳು ಪುಟ್ಟಿ. "ನಿಧಾನವಾಗಿ ಮಾಡು. ನಾನಿಲ್ಲೇ ಇರ್ತೀನಿ."